ಎಲೆಅಡಿಕೆ ಚೀಲದೊಳಗಿನ ಮಾತ್ರೆ

ಕೇಳುಗರಿಗೆ ನಮಸ್ಕಾರ.

ಮಂಡ್ಯ ಕಡೆಯ ಒಬ್ಬ ತಾತ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ವಯಸ್ಸು 70 ದಾಟಿದೆ. ಆಲೆಮನೆಯಲ್ಲಿ ಬೆಲ್ಲ ತೆಗೆದ ಕೈ. ಹೆಂಡತಿ ತೀರಿಕೊಂಡ ಮೇಲೆ ಮಗ ಮೈಸೂರಿನ ಒಂದು ವೃದ್ಧಾಶ್ರಮಕ್ಕೆ ತಂದು ಸೇರಿಸಿದ. ನಾನು ಅಲ್ಲಿ ನರ್ಸ್.

ಸೇರುವ ದಿನ ತಂದಿರುವ ಮಾತ್ರೆಯನ್ನೆಲ್ಲ ಆಫೀಸಿಗೆ ಕೊಡಬೇಕು, ಅದು ನಮ್ಮ ಪದ್ಧತಿ. ತಾತ ಬಿಪಿ ಮಾತ್ರೆ ಕೊಟ್ಟರು, ಶುಗರ್ ಮಾತ್ರೆ ಕೊಟ್ಟರು. ಇನ್ನೊಂದನ್ನು ಕೊಡಲಿಲ್ಲ.

ಮೂರು ವಾರ ಕಳೆದಿತ್ತು. ಹಾಸಿಗೆ ಬದಲಿಸುವಾಗ ದಿಂಬಿನಡಿಯಿಂದ ಎಲೆಅಡಿಕೆ ಚೀಲ ಜಾರಿ ಬಿತ್ತು. ಅಡಿಕೆ ಚೂರು, ಸುಣ್ಣದ ಡಬ್ಬಿ, ಜೊತೆಗೆ ಪೇಪರಿನಲ್ಲಿ ಸುತ್ತಿದ ಬಿಳಿ ಮಾತ್ರೆಗಳು. ಕೆಲವಕ್ಕೆ ಸುಣ್ಣ ಮೆತ್ತಿತ್ತು. ನನಗೆ ತಕ್ಷಣ ಗೊತ್ತಾಯಿತು, ಅದು ಎಆರ್‌ಟಿ ಮಾತ್ರೆ. ಅಂದರೆ ಎಚ್‌ಐವಿಗೆ ಕೊಡುವುದು.

ತಾತ ಬಾಗಿಲ ಕಡೆ ನೋಡಿದರು. ಆಮೇಲೆ ಮೆಲ್ಲಗೆ, “ನಮ್ ಹುಡ್ಗನ್ಗೇ ಗೊತ್ತಿಲ್ಲ ಕಣವ್ವ, ಇಲ್ಲಿ ಯಾರ್ಗಂತ ಹೇಳ್ಲಿ?” ಅಂದರು. ರೂಮಿನಲ್ಲಿ ಇನ್ನೂ ಮೂವರಿದ್ದಾರೆ. ಅವರೆಲ್ಲ ಮಲಗಿದ ಮೇಲೆ ನುಂಗೋಣ ಅಂತ ಕಾಯುವುದು, ಕಾಯುತ್ತಾ ತಾವೇ ನಿದ್ದೆ ಹೋಗುವುದು. ಎಷ್ಟು ರಾತ್ರಿ ತಪ್ಪಿತೋ, ಅವರಿಗೂ ಲೆಕ್ಕವಿಲ್ಲ.

ನಮ್ಮ ದೇಶದಲ್ಲಿ ಈ ಚಿಕಿತ್ಸೆ 2004ರ ಏಪ್ರಿಲ್‌ನಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಆಗ ಮಧ್ಯವಯಸ್ಸಿನಲ್ಲಿದ್ದವರು ಈಗ ಅಜ್ಜ ಅಜ್ಜಿಯರು. ಔಷಧಿ ಕೆಲಸ ಮಾಡಿದ್ದಕ್ಕೇ ಅಲ್ವಾ ಅವರು ವೃದ್ಧಾಶ್ರಮದ ತನಕ ಬಂದದ್ದು! ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಅದರಲ್ಲಿ ಮೂರು ಔಷಧಿ ಸೇರಿವೆ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಪದೇ ಪದೇ ತಪ್ಪಿದರೆ ವೈರಸ್ ಮತ್ತೆ ಏಳುತ್ತದೆ, ಮಾತ್ರೆಗೆ ಬಗ್ಗದಂತೆಯೂ ಆಗಬಹುದು.

ಮಾತ್ರೆ ತಪ್ಪಿದ್ದಕ್ಕಿಂತ ನನಗೆ ಜಾಸ್ತಿ ದಿಗಿಲಾದದ್ದು ನಮ್ಮ ಟ್ರೇ ನೋಡಿ. ಮಲಗುವ ಮುಂಚೆ ನಾವೇ ತಾತನಿಗೆ ಕ್ಯಾಲ್ಸಿಯಂ ಕೊಡುತ್ತಿದ್ದೆವು. ಹೊಟ್ಟೆ ಉರಿ ಅಂದ ದಿನ ಗ್ಯಾಸ್ಟ್ರಿಕ್‌ನ ಗುಲಾಬಿ ಸಿರಪ್ಪೂ ಹೋಗುತ್ತಿತ್ತು. ಇವೆರಡೂ ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತವೆ, ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಕಬ್ಬಿಣಾಂಶದ ಮಾತ್ರೆಯೂ ಅಷ್ಟೇ. ಸಿರಪ್ ಕುಡಿಯುವುದಾದರೆ ಅದಕ್ಕೆ ಎರಡು ಗಂಟೆ ಮುಂಚೆ, ಇಲ್ಲವೇ ಆರು ಗಂಟೆ ಬಿಟ್ಟು ಎಆರ್‌ಟಿ ಮಾತ್ರೆ ನುಂಗಬೇಕು. ಕ್ಯಾಲ್ಸಿಯಂ, ಕಬ್ಬಿಣಕ್ಕೂ ಇದೇ ಅಂತರ. ಊಟದ ಜೊತೆಯಾದರೆ ಕ್ಯಾಲ್ಸಿಯಂ, ಕಬ್ಬಿಣವನ್ನು ಎಆರ್‌ಟಿ ಮಾತ್ರೆಯೊಂದಿಗೆ ಒಟ್ಟಿಗೆ ತೆಗೆದುಕೊಳ್ಳಬಹುದು, ಸಿರಪ್ ಮಾತ್ರ ಹಾಗಲ್ಲ. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ಇದ್ದರೆ, ಡೊಲುಟೆಗ್ರಾವಿರ್‌ನಿಂದ ಆ ಮೆಟ್‌ಫಾರ್ಮಿನ್ ಪ್ರಮಾಣ ರಕ್ತದಲ್ಲಿ ಏರುತ್ತದೆ, ಡೋಸ್ ಎಷ್ಟಿರಬೇಕೆಂದು ಡಾಕ್ಟರೇ ನೋಡಬೇಕು. ವಿಷಯ ಗೊತ್ತಿಲ್ಲದ ಡಾಕ್ಟರ್ ಏನು ನೋಡುತ್ತಾರೆ? ಹಾಗಂತ ತಾತನನ್ನು ಬೈಯುವ ಮನಸ್ಸು ನನಗೆ ಬರಲಿಲ್ಲ. ಸೇರುವ ದಿನ ಅವರನ್ನು ಒಬ್ಬರೇ ಕೂರಿಸಿಕೊಂಡು ನಾವು ಕೇಳಿಯೇ ಇರಲಿಲ್ಲ. ಆಫೀಸಿನ ಮೇಜಿನ ಮುಂದೆ, ಮಗನ ಎದುರಿಗೇ ಚೀಲ ಬಿಚ್ಚಿಸಿದ್ದೆವು.

ಊರಿಗೆಲ್ಲ ಸಾರಬೇಕಾಗಿಲ್ಲ. ಔಷಧಿ ನೋಡಿಕೊಳ್ಳುವ ಒಬ್ಬ ನರ್ಸ್, ಒಬ್ಬ ಡಾಕ್ಟರ್, ಇಷ್ಟು ಸಾಕು. ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಹೇಳಬಾರದು ಅಂತ 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಅದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಟ್ಟಿಗೆ ಉಂಡರೆ, ಒಂದೇ ಬಚ್ಚಲು ಬಳಸಿದರೆ ಎಚ್‌ಐವಿ ಅಂಟುವುದಿಲ್ಲ. ಇದನ್ನು ನಮ್ಮ ಆಯಾಗಳಿಗೂ ಕೂರಿಸಿಕೊಂಡು ಹೇಳಿದೆ, ತಾತನ ಹೆಸರು ಎತ್ತದೆ.

ಇನ್ನು ಊರು ಬದಲಾದರೆ ಸುಮ್ನೆ ಬಿಟ್ಟುಬಿಡಬೇಡಿ. ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆಯ ಎಆರ್‌ಟಿ ಕೇಂದ್ರದಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಚಿಕಿತ್ಸೆಯನ್ನು ವರ್ಗ ಮಾಡಿಸಿಕೊಳ್ಳಬಹುದು. ಮಾತ್ರೆಯನ್ನು ಅದರ ಡಬ್ಬಿಯಲ್ಲೇ ಇಡಿ, ಒಳಗಿರುವ ಪುಟ್ಟ ಪೊಟ್ಟಣ ತೇವ ಹೀರುತ್ತದೆ. ಒಂದು ದಿನ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ, ಮಾರನೇ ದಿನ ಎರಡು ನುಂಗಬೇಡಿ. ಏನೇ ಕೇಳುವುದಿದ್ದರೂ 1097ಕ್ಕೆ ಫೋನ್ ಮಾಡಿ, ಅದು ಉಚಿತ.

ನಮ್ಮ ತಾತನ ಡಬ್ಬಿ ಈಗ ನನ್ನ ಕಪಾಟಿನಲ್ಲಿದೆ. ರಾತ್ರಿ ಊಟವಾದ ಮೇಲೆ ಕೈತೊಳೆಯುವ ನೆಪದಲ್ಲಿ ಬರುತ್ತಾರೆ. ಮಾತ್ರೆ ನುಂಗಿ, ನೀರು ಕುಡಿದು, ಅಲ್ಲೇ ನಿಂತು ಎಲೆಗೆ ಸುಣ್ಣ ಸವರುತ್ತಾರೆ.

ನಮಸ್ಕಾರ.