ಡಬ್ಬಿಯೊಳಗೊಂದು ಆನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ಜುಲೈ ತಿಂಗಳ ಒಂದು ಸಂಜೆ. ನಮ್ಮ ಕೊಡಗಿನ ಶನಿವಾರಸಂತೆ ಕಡೆ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಎರಡನೇ ತರಗತಿಯ ನನ್ನ ಮಗಳು ಬಸ್ಸಿಳಿದು ಬಂದಳು, ಕೊಡೆಯನ್ನು ಮೂಲೆಗಿಟ್ಟಳು, ಬ್ಯಾಗಿನಿಂದ ಊಟದ ಡಬ್ಬಿ ತೆಗೆದು ಅಡುಗೆಕಟ್ಟೆಯ ಮೇಲಿಟ್ಟು ಮಾತಿಲ್ಲದೆ ಒಳಗೆ ಹೋದಳು. ಎತ್ತಿ ನೋಡಿದರೆ ಡಬ್ಬಿ ಭಾರವಾಗಿಯೇ ಇತ್ತು. ಆ ವಾರ ಹಾಗೆ ಆಗಿದ್ದು ಅದು ಮೂರನೇ ಸಲ. ಅತ್ತೆ, "ಮಗುವಿಗೆ ಬಾಯಿ ಕೆಟ್ಟಿರಬೇಕು, ಕಷಾಯ ಮಾಡಿಕೊಡು" ಅಂದಿದ್ದರು. ನಾನು ಹಿಂದಿನ ದಿನ ಗದರಿಸಿಯೂ ಇದ್ದೆ.

ಆ ಸಂಜೆ ಮುಚ್ಚಳ ತೆಗೆಯಲು ಹೋದರೆ ನನಗೇ ಬರಲಿಲ್ಲ. ಸೆರಗು ಸುತ್ತಿ ಹಿಡಿದು ತಿರುಚಿದೆ, ಆಗಲಿಲ್ಲ. ಕೊನೆಗೆ ಚಮಚದ ತುದಿಯಿಂದ ಅಂಚನ್ನು ಮೀಟಿದಾಗ ಟಪ್ಪೆಂದು ಬಿಟ್ಟುಕೊಂಡಿತು. ಬೆಳಿಗ್ಗೆ ತುಂಬಿದ ಚಿತ್ರಾನ್ನ ಒಂದು ಅಗುಳೂ ಕದಲದೆ ಇತ್ತು. ಹಿಂದಿನ ಎರಡು ದಿನ ಉಳಿದ ಅನ್ನವನ್ನು ಹಸುವಿಗೆ ಹಾಕಿದವರು ನಮ್ಮ ಮನೆಯವರು. ಸೌದೆ ಒಡೆಯುವ ಅವರ ಕೈಗೆ ಮುಚ್ಚಳ ಬಿಗಿಯಾಗಿದೆ ಎನ್ನುವುದು ಗೊತ್ತೇ ಆಗಿರಲಿಲ್ಲ. ಮಗಳನ್ನು ಕರೆದು ಕೇಳಿದೆ. "ಮುಚ್ಚಳ ಬರ್ಲಿಲ್ಲಮ್ಮ. ಮಿಸ್ಸಿನ ಹತ್ರ ಕೇಳೋಕೆ ನಾಚಿಕೆ ಆಯ್ತು," ಅಂದಳು.

ಮೂರು ದಿನ ನನ್ನ ಮಗು ಊಟ ಮುಂದಿಟ್ಟುಕೊಂಡು ಹಸಿದು ಕೂತಿತ್ತು. ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ತಪ್ಪು ನನ್ನದು. ಒಲೆಯಿಂದ ಇಳಿಸಿದ ಬಿಸಿ ಅನ್ನವನ್ನು ತುಂಬಿ, ಆರಬಾರದೆಂದು ತಕ್ಷಣ ಒತ್ತಿ ಮುಚ್ಚುತ್ತಿದ್ದೆ. ಒಳಗಿನ ಹಬೆ ಆರಿ ನೀರಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ನಮ್ಮ ಮಳೆಗಾಲದ ಚಳಿಯಲ್ಲಿ ಅದು ಇನ್ನಷ್ಟು ಬಿಗಿ. ಬೆಂಗಳೂರಿನಲ್ಲಿ ಜಪಾನಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಗೆ ರಾತ್ರಿ ಫೋನಿನಲ್ಲಿ ಇದನ್ನು ಹೇಳಿಕೊಂಡಾಗ ಅವಳು, "ಅಕ್ಕ, ಇಲ್ಲಿನ ಜಪಾನಿನವರು ಮನೆಯಿಂದ ಬೆಂತೊ ತರುತ್ತಾರೆ, ಪೂರ್ತಿ ಆರದೆ ಮುಚ್ಚಳ ಹಾಕುವುದೇ ಇಲ್ಲ" ಅಂದಳು. ಬೆಂತೊ ಎನ್ನುವ ಮಾತನ್ನು ನಾನು ಕೇಳಿದ್ದು ಹೀಗೆ.

ಬೆಂತೊ ಎಂದರೆ ಒಬ್ಬರಿಗೆ ಒಂದು ಹೊತ್ತಿಗೆ ಸಾಕಾಗುವ ಊಟವನ್ನು ಒಪ್ಪವಾಗಿ ತುಂಬಿದ ಡಬ್ಬಿ. ಜಪಾನಿನಲ್ಲಿ ಇದು ಬಹಳ ಹಳೆಯ ರೂಢಿ. 1603ರಿಂದ 1868ರವರೆಗಿನ ಎದೊ ಕಾಲದಲ್ಲಿ ನಾಟಕ ನೋಡಲು ಹೋದವರು ಒಂದು ಅಂಕ ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ ತಿನ್ನುತ್ತಿದ್ದ ಬೆಂತೊಗೆ ಮಕುನೊಉಚಿ ಎಂದು ಹೆಸರು ಬಂತು, ಪರದೆಗಳ ನಡುವೆ ಎಂದು ಅದರ ಅರ್ಥ. ರೈಲು ಬಂದ ಮೇಲೆ ನಿಲ್ದಾಣಗಳಲ್ಲಿ ಮಾರುವ ಬೆಂತೊ ಬೇರೆಯೇ ಆಯಿತು. ಮಕ್ಕಳಿಗಾಗಿ ಮೊಲ, ಕರಡಿ, ಕಾರ್ಟೂನಿನ ಮುಖಗಳನ್ನು ಅನ್ನದಲ್ಲೇ ಮಾಡಿ ತುಂಬುವುದು ಈಚಿನದು, ಅದಕ್ಕೆ ಕ್ಯಾರಾಬೆನ್ ಅನ್ನುತ್ತಾರೆ. ಆದರೆ ಸಾಮಾನ್ಯವಾಗಿ ಬೆಂತೊವನ್ನು ಆರಿದ ಮೇಲೆ ತಿನ್ನಬೇಕು ಎಂದುಕೊಂಡೇ ಅಡುಗೆ ಮಾಡಿರುತ್ತಾರೆ. ನಾವು ಹಾಗಲ್ಲ. ಬಿಸಿಬಿಸಿ ಬಡಿಸುವ ಅಡುಗೆಯನ್ನೇ ಡಬ್ಬಿಗೂ ತುಂಬಿ, ಮಧ್ಯಾಹ್ನ ಅದು ಹೇಗಿರುತ್ತದೆ ಎಂದು ಯೋಚಿಸುವುದಿಲ್ಲ. ನಾನಂತೂ ಯೋಚಿಸಿರಲಿಲ್ಲ. ಮಾರನೇ ದಿನ ಮಗಳಿಗೆ ಕಟ್ಟಿದ ಡಬ್ಬಿಯದ್ದೇ ಇನ್ನೊಂದು ಪಾಲನ್ನು ಎತ್ತಿಟ್ಟು, ಮಧ್ಯಾಹ್ನ ಒಂದು ಗಂಟೆಗೆ ನಾನೇ ಕೂತು ತಿಂದು ನೋಡಿದೆ. ಪ್ರತಿಯೊಬ್ಬ ತಾಯಿಯೂ ಒಂದು ದಿನವಾದರೂ ಇದನ್ನು ಮಾಡಬೇಕು.

ನಮ್ಮದು ಸಸ್ಯಾಹಾರಿ ಮನೆ. ಜಪಾನಿನ ಊಟ ಅಂದರೆ ಮೀನಲ್ಲವೇ ಎಂದು ಅತ್ತೆಗೆ ಅನುಮಾನ. ಅನುಮಾನ ಸುಳ್ಳೇನಲ್ಲ. ಅಲ್ಲಿನ ಸಾರಿನ ತಿಳಿಗೆ, ಅನ್ನದ ಮೇಲೆ ಉದುರಿಸುವ ಪುಡಿಗೆ ಒಣಮೀನು ಬೀಳುವುದು ಸಾಮಾನ್ಯ. ಅಂಗಡಿಯಲ್ಲಿ ಸಿಗುವ ಅಂಥ ಪೊಟ್ಟಣ ಕೊಳ್ಳುವ ಸಸ್ಯಾಹಾರಿಗಳು ಅದರ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಬೇಕು. ಆದರೆ ಅದೇ ಜಪಾನಿನ ಬೌದ್ಧ ಮಠಗಳಲ್ಲಿ ಶೋಜಿನ್ ಎಂಬ ಅಡುಗೆ ಇದೆ. ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಒಂದು ಊಟದಲ್ಲಿ ಐದು ಬಣ್ಣ ಇರಬೇಕು ಎನ್ನುವುದು ಅವರ ಪದ್ಧತಿ: ಬಿಳಿ, ಕಪ್ಪು, ಕೆಂಪು, ಹಳದಿ, ಹಸಿರು. ಇದನ್ನು ಕೇಳಿ ಅತ್ತೆ ಹಿತ್ತಿಲ ಕಡೆ ನೋಡಿದರು. "ಇಷ್ಟೇ ತಾನೆ? ಬಿಳಿಗೆ ಕಡುಬು, ಕಪ್ಪಿಗೆ ಹುಚ್ಚೆಳ್ಳು ಪುಡಿ," ಎಂದು ಎಣಿಸತೊಡಗಿದರು. ಹುಚ್ಚೆಳ್ಳು ಪುಡಿ ನನಗೆ ಹೊಳೆದೇ ಇರಲಿಲ್ಲ.

ಜಪಾನಿನವರ ಅಕ್ಕಿ ಗಿಡ್ಡ, ಬೇಯಿಸಿದರೆ ಅಂಟಂಟು. ಕೈಯಲ್ಲಿ ಒತ್ತಿದರೆ ಸಾಕು, ಉಂಡೆ ನಿಲ್ಲುತ್ತದೆ. ನಮ್ಮ ಉದುರು ಅನ್ನದಲ್ಲಿ ಅದಾಗದು. ನಾನು ಮಾಡಿದ ಮೊಲ ಡಬ್ಬಿಗೆ ಹೋಗುವ ಮೊದಲೇ ಕುಸಿದು ಅನ್ನವಾಯಿತು. ನಮಗೆ ಕಡುಬು ಇರುವಾಗ ಅನ್ನದ ಉಂಡೆಯ ಗೊಡವೆ ಯಾಕೆ? ನೀರು ಕುದಿಸಿ, ಉಪ್ಪು ಹಾಕಿ, ಅಕ್ಕಿ ತರಿ ಸುರಿದು ಬೇಯಿಸಿ, ಉಂಡೆ ಕಟ್ಟಿ ಹಬೆಯಲ್ಲಿಟ್ಟ ನಮ್ಮ ಕಡುಬು, ಕೊಡವರ ಮನೆಯ ಕಡಂಬುಟ್ಟು, ಹುಟ್ಟಿದ್ದೇ ದುಂಡು ಮುಖವಾಗಿ.

ಆದರೆ ಅದಕ್ಕೂ ಒಂದು ತೊಡಕು ಬಂತು. ಬೆಳಿಗ್ಗೆ ಹೂವಿನಂತಿದ್ದ ಕಡುಬು ಮಧ್ಯಾಹ್ನದ ಹೊತ್ತಿಗೆ ಗಟ್ಟಿ. ಆರುತ್ತಾ ಬಂದಂತೆ ಅಕ್ಕಿಯ ಪಿಷ್ಟ ಬಿಗಿದುಕೊಳ್ಳುತ್ತದೆ. ಪಕ್ಕದ ತೋಟದ ಕೊಡವ ಅಕ್ಕ ದಾರಿ ಹೇಳಿಕೊಟ್ಟರು. ಅವರು ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ, ಮಾಡುವಾಗ ಹಿಟ್ಟಿಗೆ ಮೆತ್ತಗೆ ಬೆಂದ ಅನ್ನವನ್ನು ಸೇರಿಸಿ ನಾದುತ್ತಾರೆ, ಅದರಿಂದಲೇ ಒಟ್ಟಿ ಆರಿದರೂ ಮೆದು. "ಕಡುಬಿಗೂ ಒಂದು ಹಿಡಿ ಅನ್ನ ಕಿವುಚಿ ಹಾಕಿ ನೋಡಿ" ಅಂದರು. ಹಾಗೆ ಮಾಡಿ, ಕೈಗೆ ತುಪ್ಪ ಸವರಿಕೊಂಡು ನಿಂಬೆಹಣ್ಣಿನಷ್ಟು ಸಣ್ಣ ಉಂಡೆ ಕಟ್ಟಿ, ಬೆಂದು ಆರಿದ ಮೇಲೆ ಬಾಡಿಸಿದ ಬಾಳೆಎಲೆಯ ತುಂಡಿನಲ್ಲಿ ಸುತ್ತಿಟ್ಟರೆ ಮಧ್ಯಾಹ್ನ ಒಂದು ಗಂಟೆಯಾದರೂ ಹಲ್ಲಿಗೆ ಹಿತವಾಗಿರುತ್ತದೆ.

ಇನ್ನು ಆನೆಯ ವಿಷಯ.

ನಮ್ಮ ಕಡೆ ಆನೆ ಎಂದರೆ ಚಿತ್ರದ ಪುಸ್ತಕದ ಆನೆಯಲ್ಲ. ರಾತ್ರಿ ತೋಟಕ್ಕೆ ಇಳಿದು ಬಾಳೆ, ಹಲಸು ಮುರಿದು ಹೋಗುವ ಆನೆ. ಆನೆ ಇದೆ ಎಂಬ ಸುದ್ದಿ ಬಂದ ಬೆಳಿಗ್ಗೆ ಮಕ್ಕಳನ್ನು ಒಬ್ಬೊಬ್ಬರನ್ನೇ ಬಸ್ಸಿಗೆ ಕಳಿಸುವಂತಿಲ್ಲ. ನನ್ನ ಮಗಳಿಗೆ ಆನೆಯೆಂದರೆ ವಿಪರೀತ ಭಯ. ಅಂಥ ಒಂದು ಬೆಳಿಗ್ಗೆ, ಅವಳು ಗೇಟಿನ ಕಡೆಗೇ ನೋಡುತ್ತಾ ಜಡೆ ಹಾಕಿಸಿಕೊಳ್ಳುತ್ತಿದ್ದಾಗ, ಆ ಭಯವನ್ನು ಸಣ್ಣದು ಮಾಡಿ ಡಬ್ಬಿಯಲ್ಲಿ ಕೂರಿಸಿದರೆ ಹೇಗೆ ಅನ್ನಿಸಿತು ನನಗೆ.

ಬಾನುಲಿಯಲ್ಲಿ ತೋರಿಸಲು ಆಗುವುದಿಲ್ಲ, ಹೇಳುತ್ತಾ ಹೋಗುತ್ತೇನೆ, ನೀವು ಮನಸ್ಸಿನಲ್ಲೇ ಮಾಡುತ್ತಾ ಬನ್ನಿ. ತರಿ ಬೇಯುವಾಗಲೇ ಎರಡು ಚಮಚ ರಾಗಿಹಿಟ್ಟು ಸೇರಿಸಿದರೆ ಕಡುಬಿಗೆ ಆನೆಯ ಮೈಬಣ್ಣ ಬರುತ್ತದೆ. ನಿಂಬೆ ಗಾತ್ರದ ಒಂದು ಉಂಡೆ ಮುಖ. ಅದೇ ಹಿಟ್ಟಿನಲ್ಲಿ ಕಿರುಬೆರಳಿನಷ್ಟು ದಪ್ಪದ ಒಂದು ಸುರುಳಿ, ಅದು ಸೊಂಡಿಲು. ನೀರು ಮುಟ್ಟಿಸಿದ ಬೆರಳಿನಿಂದ ಮುಖಕ್ಕೆ ಒತ್ತಿ ಅಂಟಿಸಿ, ತುದಿಯನ್ನು ಸ್ವಲ್ಪ ಮೇಲಕ್ಕೆ ಬಾಗಿಸಿ. ಬೇಯುವ ಮೊದಲೇ ಅಂಟಿಸಬೇಕು, ಬೆಂದ ಮೇಲೆ ನಿಲ್ಲುವುದಿಲ್ಲ. ಅಂಗೈಯಲ್ಲಿ ತಟ್ಟಿದ ಎರಡು ಬಿಲ್ಲೆ ಕಿವಿಗೆ, ಅವನ್ನು ಪಕ್ಕದಲ್ಲೇ ಬೇರೆಯಾಗಿ ಬೇಯಿಸಿ ಆಮೇಲೆ ಒರಗಿಸಿಡಿ. ಹಬೆಯಲ್ಲಿ ಹದಿನೈದು ನಿಮಿಷ. ಆರಿದ ಮೇಲೆ ಹಸಿ ತೆಂಗಿನಕಾಯಿಯ ಎರಡು ತೆಳು ಚೂರನ್ನು ಸೊಂಡಿಲಿನ ಎರಡೂ ಕಡೆ ಚುಚ್ಚಿದರೆ ದಂತ. ಕಣ್ಣಿಗೆ ಎರಡು ಕರಿಎಳ್ಳು. ಮೆಣಸಿನ ಕಾಳು ನಮ್ಮ ಮನೆಯಲ್ಲೇ ಬೆಳೆಯುತ್ತದೆ, ನೋಡಲೂ ಕಣ್ಣಿನಂತೆಯೇ, ಆದರೆ ಮಗುವಿನ ಹಲ್ಲಿಗೆ ಅದು ಸಿಕ್ಕರೆ ಆ ದಿನದ ಊಟ ಅಲ್ಲಿಗೇ ಮುಗಿಯುತ್ತದೆ.

ಆನೆ ನಿಲ್ಲಲು ಕಾಡು ಬೇಕಲ್ಲ. ಸಣ್ಣಗೆ ಹೆಚ್ಚಿದ ಬೀನ್ಸ್ ಪಲ್ಯವನ್ನು ಕಾಯಿತುರಿ ಹಾಕಿ, ನೀರು ಪೂರ್ತಿ ಇಂಗಿಸಿ, ಆನೆಯ ಸುತ್ತ ಒತ್ತಾಗಿ ತುಂಬಿದೆ. ಒಂದು ಮೂಲೆಗೆ ಹೆಸರುಕಾಳಿನ ಉಸಲಿ. ಇನ್ನೊಂದು ಮೂಲೆಗೆ ಬಾಟಲಿ ಮುಚ್ಚಳದಲ್ಲಿ ಒತ್ತಿ ಕತ್ತರಿಸಿದ ಒಂದು ಕ್ಯಾರೆಟ್ ಬಿಲ್ಲೆ, ಅದು ಸೂರ್ಯ. ಆ ದಿನ ನಮ್ಮಲ್ಲಿ ಸೂರ್ಯ ಕಂಡದ್ದು ಆ ಡಬ್ಬಿಯಲ್ಲಿ ಮಾತ್ರ.

ಎಷ್ಟೆಷ್ಟು ಹಾಕಬೇಕು ಎನ್ನುವುದಕ್ಕೆ ಜಪಾನಿನಲ್ಲಿ ಒಂದು ಸುಲಭದ ಲೆಕ್ಕವಿದೆ, 3-1-2 ಎಂದು. ಡಬ್ಬಿಯನ್ನು ಆರು ಪಾಲು ಮಾಡಿಕೊಳ್ಳಿ. ಮೂರು ಪಾಲು ಅನ್ನ ಅಥವಾ ಕಡುಬು, ಒಂದು ಪಾಲು ಅಲ್ಲಿನವರಿಗೆ ಮೀನು ಮೊಟ್ಟೆ, ನಮಗೆ ಕಾಳು, ಪನೀರು. ಉಳಿದ ಎರಡು ಪಾಲು ತರಕಾರಿ. ನಾನು ಮೊದಲು ಕಟ್ಟುತ್ತಿದ್ದ ಚಿತ್ರಾನ್ನದ ಡಬ್ಬಿಯನ್ನು ಈ ಲೆಕ್ಕಕ್ಕೆ ಇಟ್ಟು ನೋಡಿದರೆ ಆರಕ್ಕೆ ಆರೂ ಅನ್ನವೇ ಆಗಿತ್ತು. ಆಮೇಲೆ, ಸಂದಿ ಬಿಡದೆ ತುಂಬಬೇಕು. ನಮ್ಮ ರಸ್ತೆಗಳ ತಿರುವು ನಿಮಗೇ ಗೊತ್ತು. ಸಡಿಲವಾಗಿ ತುಂಬಿದ ಆನೆ ಶಾಲೆ ಮುಟ್ಟುವಷ್ಟರಲ್ಲಿ ಕಿವಿ ಒಂದು ಕಡೆ, ಸೊಂಡಿಲು ಒಂದು ಕಡೆ.

ಬಣ್ಣಕ್ಕಾಗಿ ಅಂಗಡಿಗೆ ಹೋಗಬೇಡಿ. ಬೀಟ್‌ರೂಟ್ ಬೇಯಿಸಿದ ನೀರು, ಅರಿಸಿನ, ಪಾಲಕ್ ಸೊಪ್ಪಿನ ರಸ ಎಲ್ಲರಿಗೂ ಗೊತ್ತಿರುವುದೇ. ಬೇಲಿಯ ಮೇಲೆ ಹಬ್ಬಿದ ಬಸಳೆಯ ಮಾಗಿದ ಹಣ್ಣನ್ನು ಹಿಂಡಿದರೆ ಎಂಥ ಚಂದದ ಗುಲಾಬಿ ಬರುತ್ತದೆ ನೋಡಿ. ಕೊಡಗಿನಲ್ಲಿ ಇನ್ನೊಂದು ಬಣ್ಣವಿದೆ, ಅದು ವರ್ಷಕ್ಕೊಮ್ಮೆ ಬರುವುದು. ಆಗಸ್ಟ್ ಮೊದಲ ವಾರದಲ್ಲಿ, ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದು ಸೊಪ್ಪನ್ನು ತಂದು ಕುದಿಸುತ್ತಾರೆ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎನ್ನುವುದು ಇಲ್ಲಿಯವರ ನಂಬಿಕೆ. ಸೊಪ್ಪು ನೋಡಲು ಹಸಿರು, ಕುದಿಯತೊಡಗಿದರೆ ನೀರು ನೇರಳೆಗೆ ತಿರುಗುತ್ತದೆ. ಅದರಲ್ಲಿ ಬೇಯಿಸಿದ ಪುಟ್ಟು, ಮೇಲೆ ಕಾಯಿತುರಿ, ಜೇನುತುಪ್ಪ. ಹೋದ ವರ್ಷ ಪಕ್ಕದ ಮನೆ ಅಕ್ಕ ಕೊಟ್ಟ ಮದ್ದು ಪುಟ್ಟನ್ನು ಬಟ್ಟಲಿನ ಬಾಯಲ್ಲಿ ಒತ್ತಿ ಹೂವಿನಂತೆ ಕತ್ತರಿಸಿ ಕಳಿಸಿದ್ದೆ. ಒಂದು ಮಾತು, ಮದ್ದು ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಬೀಟ್‌ರೂಟ್ ತಿಂದರೂ ಕೆಲವರಿಗೆ ಹಾಗೆ ಆಗುವುದುಂಟು. ಮಕ್ಕಳಿಗೆ ಮೊದಲೇ ಹೇಳಿರಿ, ಶಾಲೆಯಲ್ಲಿ ನೋಡಿ ಹೆದರಿಯಾರು.

ಕಡುಬು ಬೇಡವಾದ ದಿನ ನೂಲ್‌ಪುಟ್ಟು. ಒತ್ತಿದ ಶಾವಿಗೆಗೆ ತುಪ್ಪ, ನಿಂಬೆರಸ ಕಲಸಿ, ಬೆರಳಿನಿಂದ ಗುಂಡಗೆ ಸುತ್ತಿ ನಡುವೆ ಗುಳಿ ಮಾಡಿದರೆ ಹಕ್ಕಿಗೂಡು. ಅವರೆಕಾಲದಲ್ಲಿ ಹಿತುಕಿದ ಬೇಳೆಯನ್ನು ಬೇಯಿಸಿ ಮೂರು ಕಾಳು ಆ ಗುಳಿಯಲ್ಲಿಟ್ಟರೆ ಮೊಟ್ಟೆ. ಅತ್ತೆಗೆ ಮೊಟ್ಟೆ ಎಂಬ ಹೆಸರು ಹಿಡಿಸಲಿಲ್ಲ, ಅವರು ಅದನ್ನು ಮರಿ ಅನ್ನುತ್ತಾರೆ. ಚಳಿಗಾಲಕ್ಕೆ ನಮ್ಮ ಕೊಡಗಿನ ಕಿತ್ತಳೆ. ಅದರ ಸಿಪ್ಪೆ ಸಡಿಲ, ಪುಟ್ಟ ಬೆರಳಿಗೂ ಬಿಡಿಸಲು ಬರುತ್ತದೆ. ಬೆಣ್ಣೆಹಣ್ಣಿನ ಹೋಳು ಇಡುವುದಾದರೆ ನಿಂಬೆರಸ ಸವರಿ, ಕಪ್ಪಾಗುವುದು ತಡವಾಗುತ್ತದೆ.

ಕೆಲವು ವಿಷಯಗಳಲ್ಲಿ ನಾನು ಕಟ್ಟುನಿಟ್ಟು. ಚಂದಕ್ಕೆಂದು ಹಲ್ಲುಕಡ್ಡಿ ಚುಚ್ಚುವುದಿಲ್ಲ, ತಿನ್ನಲಾಗದ ಯಾವುದೂ ಡಬ್ಬಿಯಲ್ಲಿ ಇರಬಾರದು. ದ್ರಾಕ್ಷಿಯನ್ನು ಚಿಕ್ಕ ಮಕ್ಕಳಿಗೆ ಉದ್ದಕ್ಕೆ ಸೀಳಿಯೇ ಕೊಡಬೇಕು, ಇಡಿಯದು ಗಂಟಲಿಗೆ ಸಿಕ್ಕಿಕೊಳ್ಳಬಹುದು. ರಾತ್ರಿ ಹೊರಗೇ ಉಳಿದ ಅನ್ನ ಡಬ್ಬಿಗೆ ಬೇಡ. ಬೇಯಿಸಿದರೂ ಸಾಯದ ಸೂಕ್ಷ್ಮಜೀವಿಗಳ ಬೀಜಾಣು ಅನ್ನದಲ್ಲಿ ಇರಬಹುದು, ಉಗುರುಬೆಚ್ಚಗೆ ತಾಸುಗಟ್ಟಲೆ ಇಟ್ಟರೆ ಅವು ಬೆಳೆಯುತ್ತವೆ. ಬೆಳಿಗ್ಗೆ ಬೇಯಿಸಿದ್ದನ್ನು ಅಗಲದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಆಮೇಲೆ ತುಂಬಿ ಮುಚ್ಚಿ.

ಇಷ್ಟೆಲ್ಲ ಮಾಡಲು ಹೊತ್ತೆಲ್ಲಿ ಎಂದು ಕೇಳುವ ತಾಯಂದಿರಿದ್ದೀರಿ, ಕಾಫಿ ಕುಯ್ಲಿನ ದಿನಗಳಲ್ಲಿ ನನಗೂ ಇರುವುದಿಲ್ಲ. ದಿನಕ್ಕೆ ಒಂದೇ ಒಂದು ಬೊಂಬೆ ಸಾಕು. ಕಾಳು ರಾತ್ರಿಯೇ ನೆನೆಯುತ್ತದೆ, ತರಕಾರಿ ರಾತ್ರಿಯೇ ಹೆಚ್ಚಿರುತ್ತದೆ. ಏನೂ ಆಗದ ದಿನ ಮೊಸರನ್ನದ ಮೇಲೆ ದಾಳಿಂಬೆ ಕಾಳಿನಲ್ಲಿ ಒಂದು ನಗುವ ಬಾಯಿ ಬಿಡಿಸಿಬಿಡುತ್ತೇನೆ. ಶಾಲೆಯಲ್ಲಿ ಊಟದ ಹೊತ್ತು ನಾವು ಪಕ್ಕದಲ್ಲಿ ಕೂತಿರುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಮನೆಯ ಯಾರೋ ಅವಳನ್ನು ನೋಡಿ ನಕ್ಕ ಹಾಗಿರಬೇಕು ಎನ್ನುವುದು ನನ್ನ ಆಸೆ.

ಡಬ್ಬಿಯನ್ನೂ ಬದಲಾಯಿಸಿದ್ದೇವೆ. ಅಂಗಡಿಯಲ್ಲಿ ಮಗಳ ಕೈಗೇ ಕೊಟ್ಟು, ಯಾವುದರ ಮುಚ್ಚಳ ಅವಳಿಗೆ ಸಲೀಸಾಗಿ ಬಂತೋ ಅದನ್ನೇ ತಂದೆ. ಈಗ ಅವಳು ಮೂರನೇ ತರಗತಿ. ಆನೆಗೆ ಕಣ್ಣು ಇಡುವುದು ಅವಳ ಕೆಲಸ. ಮೊನ್ನೆ ಬೆಳಿಗ್ಗೆ ಎಳ್ಳಿನ ಡಬ್ಬ ಮುಂದಿಟ್ಟೆ. ಅವಳು ಅದನ್ನು ಮುಟ್ಟದೆ ಸಾಂಬಾರ ಬಟ್ಟಲಿನಿಂದ ಎರಡು ಜೀರಿಗೆ ಆರಿಸಿಕೊಂಡು, ಎರಡನ್ನೂ ಅಡ್ಡಡ್ಡ ಮಲಗಿಸಿದಳು. "ಇದೇನೇ ಪುಟ್ಟಿ?" ಅಂದೆ. "ಮಲಗಿದೆಯಮ್ಮ. ರಾತ್ರಿಯೆಲ್ಲ ತೋಟದಲ್ಲಿ ತಿರುಗಿ ಸುಸ್ತಾಗಿದೆ," ಅಂದಳು. ಮುಚ್ಚಳ ಹಾಕಿದಳು, ಇನ್ನೊಮ್ಮೆ ತಾನೇ ತೆಗೆದು ನೋಡಿದಳು, ಸದ್ದಾಗದ ಹಾಗೆ ಮತ್ತೆ ಮುಚ್ಚಿ ಬ್ಯಾಗಿಗಿಟ್ಟುಕೊಂಡಳು.

ನಮಸ್ಕಾರ.