ಮದಕದ ಏರಿ ಸೋರಿದಾಗ

ಕೇಳುಗರೇ, ನಮಸ್ಕಾರ.

ಕಾರ್ಕಳದ ಹತ್ತಿರ, ನಮ್ಮ ಗುಡ್ಡೆಯ ಬುಡದಲ್ಲಿ ಒಂದು ಮದಕ ಇದೆ, ಅಂದರೆ ಮಳೆನೀರು ಕಟ್ಟಿ ನಿಲ್ಲಿಸುವ ಸಣ್ಣ ಕೆರೆ. ಅಜ್ಜ ಹಾಕಿಸಿದ ಮಣ್ಣಿನ ಏರಿ. ಕೆಳಗಿನ ಅಡಿಕೆ ತೋಟಕ್ಕೆ ಅದರದ್ದೇ ನೀರು. ಮೂರು ವರ್ಷದ ಹಿಂದೆ, ದೀಪಾವಳಿ ಕಳೆದು ತಿಂಗಳಾಗುವಷ್ಟರಲ್ಲಿ ನೀರು ಅರ್ಧಕ್ಕಿಳಿಯಿತು. ನೋಡಿದರೆ ಏರಿಯ ಹೊರಮೈಯಲ್ಲಿ, ಬುಡದ ಹತ್ತಿರ, ಬೆರಳು ದಪ್ಪಕ್ಕೆ ಸೋರುತ್ತಿದೆ.

ನಾನು ಎರಡು ಚೀಲ ಸಿಮೆಂಟು ತಂದು ಹೊರಗಿನಿಂದ ಮೆತ್ತಿದೆ. ಎಂಥ ಬುದ್ಧಿ ಹೇಳಿ! ವಾರದೊಳಗೆ ಎರಡಡಿ ಆಚೆ ನೀರು ಬಂತು. ಒಳಗಿನ ಬಾಯಿ ತೆರೆದೇ ಇರುವಾಗ ಹೊರಗಿನದ್ದು ಮುಚ್ಚಿದರೆ ನೀರು ಸುಮ್ನೆ ಕೂರುತ್ತದಾ?

ನೆರೆಯ ಹಿರಿಯರೊಬ್ಬರು ಬಂದರು. ಸೋರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಜಗಲಿಯಲ್ಲಿಟ್ಟರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ತಳದಲ್ಲಿ ಕೆಂಪು ಮಣ್ಣು ಕೂತಿತ್ತು. "ತಿಳಿನೀರು ಸೋರಿದರೆ ನೀರು ಮಾತ್ರ ಹೋಗುತ್ತದೆ. ಇದು ಏರಿಯೇ ಹೋಗುತ್ತಿರುವುದು ಮಾರಾಯ್ರೆ" ಅಂದರು. ಅವತ್ತೇ ತೂಬು ತೆಗೆದು ನೀರು ಬಿಟ್ಟೆವು, ದಿನಕ್ಕೆ ಸ್ವಲ್ಪ ಸ್ವಲ್ಪ. ಒಮ್ಮೆಲೇ ಇಳಿಸಿದರೆ ಏರಿಯ ಒಳಮೈ ಜಾರುತ್ತದೆ.

ಫೆಬ್ರವರಿಯಲ್ಲಿ ಅಗೆದೆವು. ಏಡಿ ಬಿಲ ಇರಬೇಕು ಅಂದುಕೊಂಡಿದ್ದೆ. ಸಿಕ್ಕಿದ್ದು ಹಲಸಿನ ಬೇರು. ಕುಂಬಾಗಿ, ಗೆದ್ದಲು ತಿಂದು, ತೊಗಟೆ ಮಾತ್ರ ಉಳಿದಿತ್ತು. ಕೈ ಹಾಕಿದರೆ ಮೊಣಕೈವರೆಗೆ ಹೋಯಿತು. ಹತ್ತು ವರ್ಷದ ಹಿಂದೆ ಆ ಮರ ಕಡಿಸಿ ಬುಡ ಹಾಗೇ ಬಿಟ್ಟವನು ನಾನೇ.

ಬೇರು ಪೂರ್ತಿ ಕಿತ್ತು, ಅಷ್ಟು ಭಾಗದ ಏರಿಯನ್ನು ಗಟ್ಟಿ ನೆಲದವರೆಗೆ ಬಿಡಿಸಿದೆವು. ಬದಿಗಳನ್ನು ಇಳಿಜಾರಾಗಿ ಕಡಿಯಬೇಕು. ಗೋಡೆಯ ಹಾಗೆ ನೇರ ಕಡಿದರೆ ಹೊಸ ಮಣ್ಣು ಹಳೆಯದನ್ನು ಹಿಡಿಯುವುದಿಲ್ಲ. ತುಂಬಲಿಕ್ಕೆ ಗುಡ್ಡೆಯ ಮಣ್ಣು ಆಗದು, ಮುರಕಲ್ಲಿನ ಚೂರು ಜಾಸ್ತಿ. ಬೈಲು ಗದ್ದೆಯ ಅಡಿಯಿಂದ ಜೇಡಿ ತಂದೆವು. ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದರೆ ಪೆನ್ಸಿಲಿಗಿಂತ ಸಪೂರ ಬತ್ತಿಯಾಗಬೇಕು, ತುಂಡಾಗಬಾರದು. ಅರ್ಧ ಅಡಿ ಹಾಕುವುದು, ದಿಮ್ಮಸು ಹೊಡೆಯುವುದು, ಮತ್ತೆ ಅರ್ಧ ಅಡಿ. ಜೆಸಿಬಿಯವರು ಒಂದೇ ದಿನದಲ್ಲಿ ತುಂಬಿಸಿ ಕೊಡ್ತೇನೆ ಅಂದರು. ಬೇಡ ಅಂದೆ. 11 ದಿನ ಹಿಡಿಯಿತು. ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿಯನ್ನೂ ಅಗಲ ಮಾಡಿದೆವು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ನೀರು ಏರಿಯ ಮೇಲೆ ಹರಿದರೆ ಎಷ್ಟು ಜೇಡಿ ತುಂಬಿಸಿಯೂ ಪ್ರಯೋಜನ ಇಲ್ಲ, ಅಲ್ವಾ?

ಕಳೆದ ಜನವರಿಯಲ್ಲಿ ಏರಿಯ ಬುಡದಲ್ಲಿ ಒಂದು ಕಡೆ ಒದ್ದೆ ಕಂಡಿತು. ಲೋಟ ಹಿಡಿದು ಓಡಿದೆ. ಹಿಡಿಯುವಷ್ಟು ನೀರೇ ಸಿಗಲಿಲ್ಲ. ಲೋಟ ಮಾತ್ರ ಈಗ ಪಂಪ್‌ಶೆಡ್ಡಿನಲ್ಲೇ ಇದೆ.

ನಮಸ್ಕಾರ.