ಹನ್ನೊಂದು ಹದಿನೇಳರ ರಸೀದಿ

ಎಲ್ರಿಗೂ ನಮಸ್ಕಾರ. ಗುಬ್ಬಿ ಕಡೆಯ ಕೇಳುಗ ಒಬ್ಬ, ಡಿಗ್ರಿ ಓದ್ತಿರೋ ಹುಡುಗ, ವಾಟ್ಸಾಪಲ್ಲಿ ಒಂದು ವಿಡಿಯೋ ಕಳ್ಸಿದಾನೆ, ಅಮೆರಿಕದ ಅಧ್ಯಕ್ಷ ಕೆನಡಿನ ಕೊಂದಿದ್ದು ಒಬ್ಬನಲ್ಲ, ದೊಡ್ಡದೊಂದು ಗ್ಯಾಂಗು, ಸರ್ಕಾರನೇ ಶಾಮೀಲು ಅಂತ. ಸಾರ್ ಇದ್ರ ಬಗ್ಗೆ ಮಾತಾಡಿ ಅಂದಿದಾನೆ. ಮಾತಾಡ್ತೀನಿ ತಮ್ಮಾ. ಕೊಲೆ ನಡೆದ ಡಲ್ಲಾಸ್ ಎಲ್ಲಿ ನಮ್ಮ ಶಿರಾ ಗೇಟ್ ಎಲ್ಲಿ ಅನ್ಬೇಡಿ, ಇಂಥ ವಿಡಿಯೋ ಇವತ್ತು ತುಮಕೂರಿನ ಪ್ರತಿ ಟೀ ಅಂಗಡಿಯಲ್ಲೂ ಓಡ್ತಿದೆ.

1963ರ ನವೆಂಬರ್ 22, ಮಧ್ಯಾಹ್ನ ಹನ್ನೆರಡೂವರೆ. ಡಲ್ಲಾಸಲ್ಲಿ ಕೆನಡಿ ಕಾರಲ್ಲಿ ಮೆರವಣಿಗೆ ಹೋಗ್ತಿದ್ದಾಗ ಪುಸ್ತಕದ ಗೋಡೌನ್ ಒಂದರ ಆರನೇ ಮಹಡಿಯಿಂದ ಗುಂಡು. ಅಲ್ಲೇ ರೈಫಲ್ ಸಿಕ್ತು, ಮೂರು ಖಾಲಿ ತೋಟಾ ಸಿಕ್ತು, ಅದು ಆಸ್ವಾಲ್ಡ್ ಅನ್ನೋನು ಸುಳ್ಳು ಹೆಸರಲ್ಲಿ ಪೋಸ್ಟಲ್ಲಿ ತರಿಸಿಕೊಂಡಿದ್ದ ರೈಫಲ್. ಅವನನ್ನ ಅಲ್ಲಿ ಕೆಲಸಕ್ಕೆ ಇಟ್ಟಿದ್ದೇ ಗ್ಯಾಂಗು ಅಂತಾರೆ. ಅವನು ಕೆಲಸಕ್ಕೆ ಸೇರಿದ್ದು ಅಕ್ಟೋಬರ್ 16ಕ್ಕೆ, ಮೆರವಣಿಗೆ ಆ ಬಿಲ್ಡಿಂಗ್ ಮುಂದೆ ಹೋಗ್ಬೇಕು ಅಂತ ತೀರ್ಮಾನ ಆಗಿದ್ದು ನವೆಂಬರಲ್ಲಿ. ಇನ್ನೂ ಗೊತ್ತೇ ಆಗದ ದಾರಿಗೆ ತಿಂಗಳ ಮುಂಚೆ ಕೊಲೆಗಾರನನ್ನ ಕೂರಿಸೋದು ಹೇಗೆ ಹೇಳಿ.

ಆ ಕೆಲಸ ಸಿಕ್ಕಿದ ಕತೆ ಕೇಳಿ. ರೂತ್ ಪೇನ್ ಅಂತ ಒಬ್ಬ ಹೆಣ್ಣುಮಗಳು, ಆಸ್ವಾಲ್ಡ್ ಹೆಂಡತಿ ತುಂಬು ಗರ್ಭಿಣಿ, ಆಕೆನ ತನ್ನ ಮನೇಲಿ ಇಟ್ಕೊಂಡಿದ್ಲು. ಗಂಡಂಗೆ ಕೆಲಸ ಇಲ್ಲ ಅಂತ ನೆರೆಹೊರೆಯವರು ಕಾಫಿ ಕುಡೀತಾ ಮಾತಾಡ್ದಾಗ ಒಬ್ರು ಆ ಗೋಡೌನ್ ಹೆಸರು ಹೇಳಿದ್ರು, ಈಕೆ ಫೋನ್ ಮಾಡಿ ವಿಚಾರಿಸಿದ್ಲು, ಅಷ್ಟೇ. ಆ ಒಂದು ಫೋನಿಗೆ ಆಕೆನ ದಶಕಗಟ್ಟಲೆ ಗೂಢಚಾರಿಣಿ ಅಂತ ಜರಿದ್ರು. ನಂಗೆ ಹೊಟ್ಟೆ ಉರಿಯೋದು ಇಲ್ಲೇ ಕಣ್ರೀ. ಬಸುರಿ ಹೆಂಗಸಿಗೆ ಆಸರೆ ಕೊಟ್ಟೋರಿಗೆ ಸಿಕ್ಕ ಮರ್ಯಾದೆ ಇದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎರಡು ದಿನ ಬಿಟ್ಟು, ಭಾನುವಾರ, ಪೊಲೀಸ್ ಸ್ಟೇಷನ್ ಬೇಸ್‌ಮೆಂಟಲ್ಲಿ ಜ್ಯಾಕ್ ರೂಬಿ ಅನ್ನೋ ಕ್ಲಬ್ ಮಾಲೀಕ ಪೊಲೀಸರ ವಶದಲ್ಲಿದ್ದ ಆಸ್ವಾಲ್ಡನ್ನ ಗುಂಡಿಟ್ಟು ಕೊಂದ, ಟಿವಿ ಲೈವ್ ನಡೀತಾ ಇತ್ತು. ಬಾಯಿ ಮುಚ್ಚಿಸೋಕೆ ಸುಪಾರಿ ಕೊಟ್ರು ಅಂತ ವಿಡಿಯೋ ಹೇಳುತ್ತೆ. ಕೇಳೋಕೆ ಸರಿ ಅನ್ಸುತ್ತೆ, ಇಲ್ಲ ಅನ್ನಲ್ಲ. ಆದ್ರೆ ಅವತ್ತಿನ ಗಡಿಯಾರ ನೋಡಿ. ಆಸ್ವಾಲ್ಡನ್ನ ಬೇರೆ ಜೈಲಿಗೆ ಸಾಗಿಸ್ತೀವಿ, ಹತ್ತು ಗಂಟೆಗೆ ಬನ್ನಿ ಅಂತ ಪೊಲೀಸ್ನೋರು ಪತ್ರಕರ್ತರಿಗೆ ಹಿಂದಿನ ರಾತ್ರಿನೇ ಹೇಳಿದ್ರು. ಹತ್ತು ಗಂಟೆಗೆ ರೂಬಿ ಇನ್ನೂ ಮನೇಲೇ ಇದ್ದ. ಆಮೇಲೆ ಅವನ ಕ್ಲಬ್ಬಿನ ಡ್ಯಾನ್ಸರ್ ಒಬ್ಳು ಫೋನ್ ಮಾಡಿ ದುಡ್ಡಿಲ್ಲ ಅಂದ್ಲು, ಅವನು ನಾಯಿನ ಕಾರಲ್ಲಿ ಕೂರಿಸ್ಕೊಂಡು ಪೇಟೆಗೆ ಬಂದ, ನಾಯಿನ ಕಾರಲ್ಲೇ ಬಿಟ್ಟು ಟೆಲಿಗ್ರಾಫ್ ಆಫೀಸಲ್ಲಿ 25 ಡಾಲರ್ ಮನಿಯಾರ್ಡರ್ ಮಾಡ್ದ. ರಸೀದಿ ಮೇಲಿನ ಟೈಮು 11:17. ಅದೇ ರಸ್ತೇಲಿ ಒಂದು ಬ್ಲಾಕ್ ಆಚೆ ಸ್ಟೇಷನ್, 11:21ಕ್ಕೆ ಗುಂಡು. ವಿಚಾರಣೆ ಎಳೀತಾ ಹೋಗಿತ್ತು, ಕೊನೇಲಿ ಆಸ್ವಾಲ್ಡ್ ಸ್ವೆಟರ್ ಹಾಕ್ಕೋತೀನಿ ಅಂದಿದ್ದಕ್ಕೂ ಸ್ವಲ್ಪ ಹೊತ್ತು ಹೋಯ್ತು, ಹೇಳಿದ ಟೈಮಿಗೆ ಹೊರಗೆ ಕರ್ಕೊಂಡು ಬಂದಿದ್ರೆ ರೂಬಿ ಅಲ್ಲಿಗೆ ಬರೋ ಹೊತ್ತಿಗೆ ಬೇಸ್‌ಮೆಂಟ್ ಖಾಲಿ. ಸುಪಾರಿ ತಗೊಂಡೋನು ಹೇಳಿದ ಟೈಮ್ ದಾಟಿ ಒಂದು ಗಂಟೆ ಮೇಲಾದ್ರೂ ಮನಿಯಾರ್ಡರ್ ಮಾಡ್ತಾ ನಿಂತಿರ್ತಾನಾ?

ಒಂದೇ ಗುಂಡು ಕೆನಡಿಗೂ ಅದೇ ಕಾರಲ್ಲಿದ್ದ ಟೆಕ್ಸಾಸ್ ಗವರ್ನರಿಗೂ ಹೇಗೆ ತಗುಲ್ತು ಅನ್ನೋದಕ್ಕೆ ಜಾಸ್ತಿ ಹೊತ್ತು ಬೇಡ, ಮುಂದೆ ಕೂತಿದ್ದ ಗವರ್ನರ್ ಸೀಟು ಕೆನಡಿ ಸೀಟಿಗಿಂತ ತಗ್ಗಲ್ಲಿತ್ತು, ಒಳಗಡೆಗೂ ಇತ್ತು, ವಿಡಿಯೋದ ಚಿತ್ರದಲ್ಲಿ ಇಬ್ಬರನ್ನೂ ಒಂದೇ ಸಾಲಲ್ಲಿ ಕೂರ್ಸಿದಾರೆ.

ಹಾಗಂತ ಸರ್ಕಾರದೋರು ಸಾಚಾ ಅಂತ ನಾನು ಹೇಳ್ತಿಲ್ಲ. ಕ್ಯೂಬಾದ ನಾಯಕ ಕ್ಯಾಸ್ಟ್ರೋನ ಕೊಲ್ಲಿಸೋಕೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಹಾಕಿದ್ದ ಸಂಚನ್ನ, ಕೆನಡಿ ಕೊಲೆ ತನಿಖೆ ಮಾಡಿದ ವಾರನ್ ಆಯೋಗದ ಮುಂದೆ ಮುಚ್ಚಿಟ್ರು, ಅದು ದೊಡ್ಡ ತಪ್ಪು, ಜನಕ್ಕೆ ಅನುಮಾನ ಬಂದಿದ್ದು ಸಹಜ. 1979ರಲ್ಲಿ ಅಮೆರಿಕ ಸಂಸತ್ತಿನ ಸಮಿತಿನೇ ಪೊಲೀಸ್ ರೇಡಿಯೋ ರೆಕಾರ್ಡಿಂಗ್ ನಂಬಿ ಇನ್ನೊಬ್ಬ ಇದ್ದಿರಬಹುದು ಅಂತು, 1982ರಲ್ಲಿ ವಿಜ್ಞಾನಿಗಳು ಕೂತು ಕೇಳಿದ್ರೆ ಆ ಸದ್ದು ಗುಂಡು ಹಾರಿ ಒಂದು ನಿಮಿಷ ಆದ್ಮೇಲಿಂದು. 2025ರ ಮಾರ್ಚಲ್ಲಿ ಈ ಕೊಲೆಯ ಸರ್ಕಾರಿ ಕಡತಗಳ ಸಾವಿರಾರು ಪುಟ ಮತ್ತೆ ಹೊರಗೆ ಬಂತು. ಸಿಐಎ ಗುಟ್ಟುಗಳು ಬೇಕಾದಷ್ಟಿವೆ, ಎರಡನೇ ಬಂದೂಕಿನವನ ಹೆಸರು ಇಲ್ಲ. ತಮ್ಮಾ, ಅಂಥ ಕಾಗದ ಎಲ್ಲಾದ್ರೂ ಸಿಕ್ರೆ ಕಳ್ಸು, ಟೈಮು ಜಾಗ ಎಲ್ಲ ತಾಳೆ ನೋಡಿ ಇದೇ ಮೈಕಲ್ಲಿ ಓದಿ ಹೇಳ್ತೀನಿ. ನಮಸ್ಕಾರ.